ಗಡಿಯ ತಲಪಾಡಿ ದಾಟಿ ಕಾಸರಗೋಡಿಗೆ ಪಾಠ ಮಾಡಲು ಬರುವವರಿಗೆ

ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯಿಂದ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಅಧ್ಯಾಪಕರಾಗಿ ಬರಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ: "ಅಲ್ಲಿಯೂ ಕನ್ನಡವೇ ಅಲ್ವಾ, ಮತ್ತೇನು ತೊಂದರೆ?" ತರಗತಿಯೊಳಗೆ ಕನ್ನಡವೇ, ಸರಿ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಶಾಲೆಗಳೆಲ್ಲ ಕೇರಳದ ಶಿಕ್ಷಣ ಇಲಾಖೆಯ ಕೈಯಲ್ಲಿವೆ. ನೇಮಕ, ಸಂಬಳ, ಪಠ್ಯ, ಪರೀಕ್ಷೆ, ರಜೆ ಒಂದೂ ಕರ್ನಾಟಕದ ಹಾಗಿಲ್ಲ. ಕಾಗದಪತ್ರ ಸರಿಮಾಡಿಕೊಳ್ಳದೆ ಬಂದವರು ಒಂದೆರಡು ವರ್ಷದಲ್ಲಿ ಬೇಸತ್ತು ಊರಿಗೆ ಮರಳುತ್ತಾರೆ, ಹುದ್ದೆ ಮತ್ತೆ ಖಾಲಿ. ಮಾಷ್ಟ್ರಿಲ್ಲದ ಕನ್ನಡ ಡಿವಿಷನಿಗೆ (ತರಗತಿಯ ಕನ್ನಡ ವಿಭಾಗಕ್ಕೆ) ಮಕ್ಕಳನ್ನು ಕಳಿಸಲು ತಂದೆತಾಯಿ ಹೆದರುತ್ತಾರೆ. ಹಾಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಟಿಇಟಿ, ಅಂದರೆ ಅಧ್ಯಾಪಕರ ಅರ್ಹತಾ ಪರೀಕ್ಷೆ. ಕರ್ನಾಟಕದ ಟಿಇಟಿ ಬೇರೆ, ಕೇರಳದ ಕೆ-ಟೆಟ್ ಬೇರೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಒಂದೇ ಎಂದು ತಿಳಿದು ಮೋಸಹೋದವರಿದ್ದಾರೆ. ಕೆ-ಟೆಟ್ ನಡೆಸುವುದು ತಿರುವನಂತಪುರದ ಪರೀಕ್ಷಾ ಭವನ. ಅದರಲ್ಲಿ ನಾಲ್ಕು ವಿಭಾಗ: ಒಂದನೆಯದು ಎಲ್.ಪಿ. (ಕಿರಿಯ ಪ್ರಾಥಮಿಕ), ಎರಡನೆಯದು ಯು.ಪಿ. (ಹಿರಿಯ ಪ್ರಾಥಮಿಕ), ಮೂರನೆಯದು ಹೈಸ್ಕೂಲು, ನಾಲ್ಕನೆಯದು ಹಿಂದಿ, ಅರಬಿ, ಸಂಸ್ಕೃತ, ಉರ್ದು ಭಾಷಾ ಅಧ್ಯಾಪಕರಿಗೆ ಮತ್ತು ದೈಹಿಕ ಶಿಕ್ಷಣದಂಥ ವಿಶೇಷ ವಿಷಯದವರಿಗೆ. ಎರಡೂವರೆ ಗಂಟೆ, 150 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. ಮೂರನೇ ವಿಭಾಗದಲ್ಲಿ ಮನಶ್ಶಾಸ್ತ್ರ ಮತ್ತು ಬೋಧನೆಗೆ 40, ಭಾಷೆಗೆ 30, ವಿಷಯಕ್ಕೆ 80. ಭಾಷೆಯ ಭಾಗದಲ್ಲಿ ಕನ್ನಡ ಸಿಗುತ್ತದೆ. ಅರ್ಜಿ ತುಂಬುವಾಗಲೇ ಅದನ್ನು ಆರಿಸಬೇಕು, ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ತುಂಬಿಸುವುದಾದರೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಫಲಿತಾಂಶ ಬಂದ ಕೂಡಲೇ ಕೆಲಸ ಮುಗಿಯಿತು ಎಂದು ಕೂರಬೇಡಿ. ಅಸಲು ಪ್ರಮಾಣಪತ್ರಗಳನ್ನು ಜಿಲ್ಲಾ ಶಿಕ್ಷಣಾಧಿಕಾರಿ ಕಚೇರಿಗೆ ಒಯ್ದು ಪರಿಶೀಲನೆ ಮಾಡಿಸಿದ ಮೇಲೆಯೇ ಕೆ-ಟೆಟ್ ಪ್ರಮಾಣಪತ್ರ ಕೈಗೆ ಬರುವುದು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಕೆಲಸದಲ್ಲಿರುವ ಅಧ್ಯಾಪಕರಿಗೂ ಟಿಇಟಿ ಕಡ್ಡಾಯವಾಗಿರುವಾಗ, ಹೊಸಬರು ಇದನ್ನು ಮುಂದೂಡುವುದರಲ್ಲಿ ಅರ್ಥವಿಲ್ಲ.

ಇನ್ನು ಪದವಿ. ಹೆಚ್ಚಿನವರು ಎಡವುವುದು ಇಲ್ಲಿ. ಕೇರಳದ ಡಿಗ್ರಿಯಲ್ಲಿ ಒಂದು ಮುಖ್ಯ ವಿಷಯ, ಉಳಿದವು ಪೂರಕ. ಕರ್ನಾಟಕದ ಹಳೆಯ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಸಮಾನ ತೂಕ. ಹೈಸ್ಕೂಲ್ ಗಣಿತ ಅಧ್ಯಾಪಕ ಹುದ್ದೆಗೆ ಕೇರಳದಲ್ಲಿ ಕೇಳುವುದು ಗಣಿತದ ಪದವಿ ಮತ್ತು ಅದೇ ವಿಷಯದ ಬಿ.ಎಡ್. ಹಾಗಿರುವಾಗ "ನಿಮ್ಮ ಮುಖ್ಯ ವಿಷಯ ಯಾವುದು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು. ಮೂರು ವರ್ಷದ ಅಂಕಪಟ್ಟಿ, ವಿಶ್ವವಿದ್ಯಾಲಯದ ಪಠ್ಯಕ್ರಮದ ಪ್ರತಿ, ಬಿ.ಎಡ್.ನಲ್ಲಿ ಕಲಿತ ಎರಡು ಬೋಧನಾ ವಿಷಯಗಳ ಹೆಸರಿರುವ ಅಂಕಪಟ್ಟಿ ಇಟ್ಟುಕೊಂಡು ಕೇರಳದ ವಿಶ್ವವಿದ್ಯಾಲಯವೊಂದರಿಂದ ಸಮಾನತಾ ಪ್ರಮಾಣಪತ್ರ ಮಾಡಿಸಿಡಿ. ಹುದ್ದೆಯ ಅಧಿಸೂಚನೆ ಬಂದ ಮೇಲೆ ಓಡಾಡಲು ಹೊರಟರೆ ಸಮಯ ಸಾಲುವುದಿಲ್ಲ, ಯಾಕೆಂದರೆ ಅರ್ಜಿಯ ಕೊನೆಯ ದಿನಕ್ಕೆ ಎಲ್ಲ ಅರ್ಹತೆಯೂ ಇರಬೇಕು. ಡಿ.ಎಡ್. ಆದವರಿಗೂ ಇದೇ ಮಾತು. ಬರೀ ಬಿ.ಎಡ್. ಇದ್ದರೆ ಎಲ್.ಪಿ. ಹುದ್ದೆ ಸಿಗುವುದಿಲ್ಲ, ಡಿ.ಎಡ್. ಬೇಕೇ ಬೇಕು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಶಾಲೆಯ ಮುಖ್ಯೋಪಾಧ್ಯಾಯರಿಂದ ಮಾಧ್ಯಮದ ಪ್ರಮಾಣಪತ್ರವನ್ನೂ ತೆಗೆದಿಡಿ.

ಸರಕಾರಿ ಹುದ್ದೆಗೆ ನೇಮಕ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ. ಎಲ್.ಪಿ., ಯು.ಪಿ. ಮತ್ತು ಹೈಸ್ಕೂಲಿನ ವಿಷಯಗಳಿಗೆ "ಕನ್ನಡ ಮಾಧ್ಯಮ" ಎಂದು ಪ್ರತ್ಯೇಕ ಅಧಿಸೂಚನೆ ಬರುತ್ತದೆ. ಅರ್ಜಿ ಶುಲ್ಕವಿಲ್ಲ. ಒಮ್ಮೆ ನೋಂದಣಿ ಮಾಡಿದರೆ ಅದೇ ಪ್ರೊಫೈಲಿನಿಂದ ಎಲ್ಲ ಹುದ್ದೆಗೂ ಅರ್ಜಿ ಹಾಕಬಹುದು. ಫೋಟೋದ ಕೆಳಗೆ ಹೆಸರು ಮತ್ತು ತೆಗೆದ ದಿನಾಂಕ ಇರಲೇಬೇಕು. ಇನಿಶಿಯಲ್ ಹೆಸರಿನ ಮುಂದೋ ಹಿಂದೋ ಎಂಬುದು ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪ್ರೊಫೈಲ್ ಮೂರರಲ್ಲೂ ಒಂದೇ ಆಗಿರಲಿ. ಅರ್ಜಿ ಹಾಕಿದ ಮೇಲೆ ಇನ್ನೊಂದು ಹೆಜ್ಜೆಯಿದೆ, ಕರ್ನಾಟಕದವರಿಗೆ ಅದರ ಅಭ್ಯಾಸವಿಲ್ಲ: ಪರೀಕ್ಷೆ ಬರೆಯುತ್ತೇನೆ ಎಂದು ಪ್ರೊಫೈಲಿಗೆ ಹೋಗಿ ಕನ್ಫರ್ಮೇಶನ್ ಕೊಡಬೇಕು. ಕೊಡದಿದ್ದರೆ ಅರ್ಜಿ ಅಲ್ಲಿಗೇ ರದ್ದು. ಪ್ರಶ್ನೆಪತ್ರಿಕೆಯ ಭಾಷೆ ಕನ್ನಡ ಎಂದು ಗುರುತು ಹಾಕುವುದೂ ಆಗಲೇ. ಇಲ್ಲಿ ತಪ್ಪುತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ, ಕೆ-ಟೆಟ್‌ನ ರೂಢಿಯಲ್ಲಿ ಅಂದಾಜಿನ ಮೇಲೆ ಗುರುತು ಹಾಕಬೇಡಿ.

ವಯಸ್ಸಿನ ಮಿತಿ ಸಾಮಾನ್ಯವಾಗಿ 40. ಕರ್ನಾಟಕದ 2ಎ, 3ಬಿ ಇಲ್ಲಿ ನಡೆಯುವುದಿಲ್ಲ. ಬೇರೆ ರಾಜ್ಯದಿಂದ ಬಂದವರಿಗೆ ಕೇರಳದ ಮೀಸಲಾತಿಯೂ ಇಲ್ಲ, ವಯೋಮಿತಿಯ ಸಡಿಲಿಕೆಯೂ ಇಲ್ಲ. ಮೂವತ್ತೇಳು ಮೂವತ್ತೆಂಟಾದವರು ಮನೆ ಬದಲಿಸುವ ಮೊದಲು ಇದನ್ನು ಕುಳಿತು ಲೆಕ್ಕ ಹಾಕಿ. ರ್‍ಯಾಂಕ್ ಪಟ್ಟಿಗೆ ಹೆಚ್ಚೆಂದರೆ ಮೂರು ವರ್ಷ ಆಯುಸ್ಸು. ಅಷ್ಟರಲ್ಲಿ ಕರೆ ಬರದಿದ್ದರೆ ಮತ್ತೆ ಮೊದಲಿನಿಂದ.

ಪಿಎಸ್‌ಸಿ ತಡವಾಗುತ್ತದೆಂದು ಅನುದಾನಿತ ಶಾಲೆ ಹುಡುಕುವವರು ಬಹಳ. ಅಲ್ಲಿ ನೇಮಕ ಮಾಡುವುದು ಮ್ಯಾನೇಜರ್, ಸಂಬಳ ಕೊಡುವುದು ಸರಕಾರ, ನಡುವೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಅಥವಾ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಅಂಗೀಕಾರ ಕೊಡಬೇಕು. ನೇಮಕಪತ್ರ ಕೈಯಲ್ಲಿದ್ದರೂ ಅಂಗೀಕಾರ ಆಗದೆ ಒಂದು ರೂಪಾಯಿ ಬರುವುದಿಲ್ಲ. ಹಾಗಾಗಿ ಒಪ್ಪಿಕೊಳ್ಳುವ ಮೊದಲು ಇವನ್ನು ನೇರವಾಗಿ ಕೇಳಿ. ಹುದ್ದೆ ಹೇಗೆ ಖಾಲಿಯಾಯಿತು, ನಿವೃತ್ತಿಯಿಂದಲೋ, ಯಾರದೋ ದೀರ್ಘ ರಜೆಯಿಂದಲೋ, ಹೊಸ ಡಿವಿಷನಿನಿಂದಲೋ? ಹಿಂದೆ ಅದೇ ಶಾಲೆಯಲ್ಲಿ ದುಡಿದು ಹುದ್ದೆ ಇಲ್ಲದೆ ಹೊರಬಿದ್ದವರು ಇದ್ದಾರೆಯೇ? ಕೇರಳ ಶಿಕ್ಷಣ ನಿಯಮದ 51ಎ ಪ್ರಕಾರ ಮೊದಲ ಹಕ್ಕು ಅವರದು, ಅವರನ್ನು ಬಿಟ್ಟು ನಿಮ್ಮನ್ನು ಸೇರಿಸಿದರೆ ಅಂಗೀಕಾರ ಸಿಗುವುದಿಲ್ಲ. ಭಿನ್ನಸಾಮರ್ಥ್ಯದವರಿಗೆ ಮೀಸಲಾದ ಹುದ್ದೆಗಳನ್ನು ಆ ಮ್ಯಾನೇಜ್‌ಮೆಂಟ್ ತುಂಬಿದೆಯೇ? ತುಂಬದ ಕಡೆ ಕಡತ ವರ್ಷಗಟ್ಟಲೆ ಮುಂದೆ ಹೋಗದೆ ನಿಂತದ್ದುಂಟು. ಈ ವರ್ಷದ ಸ್ಟಾಫ್ ಫಿಕ್ಸೇಶನ್ (ಮಕ್ಕಳ ಲೆಕ್ಕದ ಮೇಲೆ ಹುದ್ದೆ ನಿಗದಿ ಮಾಡುವ) ಆದೇಶದ ಪ್ರತಿ ತೋರಿಸಿ ಎನ್ನಲು ಸಂಕೋಚ ಬೇಡ. ತೋರಿಸಲು ಹಿಂಜರಿಯುವ ಕಡೆ ಸೇರದಿರುವುದೇ ಒಳ್ಳೆಯದು.

ದಿನಗೂಲಿ ಹುದ್ದೆಗಳ ಸಂದರ್ಶನ ಮೇ ಕೊನೆಗೆ, ಜೂನ್‌ನಲ್ಲಿ ಆಯಾ ಶಾಲೆಯಲ್ಲೇ ನಡೆಯುತ್ತದೆ. ಪ್ರಕಟಣೆ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಎರಡು ಸಾಲು, ಅಷ್ಟೇ. ಬೇರೂರಲು ಸಾಲದಿದ್ದರೂ, ಇಲ್ಲಿನ ತರಗತಿ ಹೇಗಿದೆ ಎಂದು ತಿಳಿಯಲು ಇದು ಉತ್ತಮ ದಾರಿ.

ಕೆಲಸ ಖಾಯಂ ಆದವರಿಗೆ ಪಿಇಎನ್ ಎಂಬ ಸಂಖ್ಯೆ ಸಿಗುತ್ತದೆ, ಸಂಬಳ ಸ್ಪಾರ್ಕ್ ಎಂಬ ತಂತ್ರಾಂಶದ ಮೂಲಕ. 2019ರ ಪರಿಷ್ಕರಣೆಯಲ್ಲಿ ಎಲ್.ಪಿ., ಯು.ಪಿ. ಅಧ್ಯಾಪಕರ ಮೂಲವೇತನ ಶ್ರೇಣಿ 35,600ರಿಂದ 75,400, ಹೈಸ್ಕೂಲಿಗೆ 41,300ರಿಂದ 87,000.

ಕಚೇರಿಯ ಮಲಯಾಳದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸುತ್ತೋಲೆ ಬರುವುದು ಮಲಯಾಳದಲ್ಲಿ, ಸುತ್ತಲಿನ ಶಾಲೆಗಳ ಅಧ್ಯಾಪಕರು ಸೇರುವ ಕ್ಲಸ್ಟರ್ ಸಭೆಯಲ್ಲೂ ಬಹಳಷ್ಟು ಕಡೆ ಅದೇ. ಲಿಪಿ ಕಲಿಯಲು ಕನ್ನಡಿಗರಿಗೆ ಒಂದು ತಿಂಗಳು ಧಾರಾಳ, ವರ್ಣಮಾಲೆಯ ಕ್ರಮ ಒಂದೇ. ಕಷ್ಟ ಕೊಡುವುದು ಗೊತ್ತಿರುವ ಹಾಗೆ ಕಾಣುವ ಪದಗಳು. ಮಲಯಾಳದಲ್ಲಿ "ಅವಧಿ" ಎಂದರೆ ರಜೆ. "ನಾಳೆ ಅವಧಿ" ಎಂದು ಸಂದೇಶ ಬಂದರೆ ಶಾಲೆಗೆ ಹೋಗಬೇಕಾಗಿಲ್ಲ. "ಉತ್ತರವ್" ಎಂದರೆ ಆದೇಶ. "ಒಪ್ಪು" ಎಂದರೆ ಸಹಿ. "ಅಪೇಕ್ಷ" ಅರ್ಜಿ, "ನಿಯಮನಂ" ನೇಮಕ. ಶಾಲಾ ಕಲೋತ್ಸವದ ಸ್ಪರ್ಧೆಗಳ ಪಟ್ಟಿ ಬಂದಾಗಂತೂ ಎಚ್ಚರ ಬೇಕು: "ಪ್ರಸಂಗಂ" ಎಂದಿದ್ದರೆ ಭಾಷಣ, "ಉಪನ್ಯಾಸಂ" ಎಂದಿದ್ದರೆ ಪ್ರಬಂಧ. ಪ್ರಸಂಗವೆಂದರೆ ಯಕ್ಷಗಾನ, ಉಪನ್ಯಾಸವೆಂದರೆ ಭಾಷಣ ಎಂದು ತಿಳಿದು ಮಗುವಿನ ಹೆಸರನ್ನು ತಪ್ಪು ಸ್ಪರ್ಧೆಗೆ ಬರೆದರೆ ಮಗುವಿನ ಒಂದು ವರ್ಷದ ತಯಾರಿ ಹೋಯಿತು. ಯಕ್ಷಗಾನವೂ ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಯೇ, ಅದಕ್ಕೆ ಅದರದೇ ಹೆಸರಿದೆ. ಅಂದಹಾಗೆ ಕನ್ನಡ ಮಾಧ್ಯಮದ ಮಕ್ಕಳಲ್ಲೂ ಮಲಯಾಳ ಕಲಿಯುವವರಿದ್ದಾರೆ. ಅವರ ಮುಂದೆ ನಾವು ಓದಲು ಬಾರದವರಾಗಿ ನಿಲ್ಲುವುದು ಚಂದವಲ್ಲ.

ಒಂದನೇ ತರಗತಿಗೆ ಬರುವ ಮಗುವಿನ ಬಾಯಲ್ಲಿರುವುದು ಪುಸ್ತಕದ ಕನ್ನಡವಲ್ಲ. ಪೈವಳಿಕೆ, ವರ್ಕಾಡಿ ಕಡೆ ತುಳು, ಬದಿಯಡ್ಕ, ಪೆರ್ಲದ ಕಡೆ ಹವ್ಯಕ ಕನ್ನಡವೂ ತುಳುವೂ, ಉಪ್ಪಳ, ಕುಂಬಳೆ ಕಡೆ ಬ್ಯಾರಿ, ಮಲಯಾಳ, ಉರ್ದು. ಜತೆಗೆ ಕೊಂಕಣಿ, ಮರಾಠಿ. "ಅಪ್ಪ" ಎಂದು ಬೋರ್ಡಿನಲ್ಲಿ ಬರೆದು ಮೀಸೆಯ ಗಂಡಸಿನ ಚಿತ್ರ ತೋರಿಸಿದಾಗ ತುಳು ಮಗು ಸುಮ್ಮನೆ ನೋಡುತ್ತದೆ. ಅದರ ಮನೆಯಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಮಗುವಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಬೇಡಿ. "ನಿನ್ನ ಮನೆಯಲ್ಲಿ ಏನು ಹೇಳುತ್ತೀರಿ?" ಎಂದು ಪ್ರತಿಯೊಬ್ಬರನ್ನೂ ಕೇಳಿ, ಅಮ್ಮೆ, ಉಪ್ಪ, ಅಚ್ಛನ್ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬೋರ್ಡಿನ ಒಂದು ಬದಿಗೆ ಬರೆದು, ಆಮೇಲೆ "ಅಪ್ಪ"ಕ್ಕೆ ಬನ್ನಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಮಗು ಬಾಯಿ ತೆರೆಯುತ್ತದೆ. ಮೊದಲ ತಿಂಗಳು ಬರವಣಿಗೆಗಿಂತ ಮಾತಿಗೆ ಹೆಚ್ಚು ಹೊತ್ತು ಕೊಡಿ. "ಬಾರತ" ಎಂದು ಬರೆದರೆ ಕೆಂಪು ಗೆರೆ ಹಾಕುವ ಮೊದಲು ನೆನಪಿಡಿ, ತುಳು ಮಾತಿನಲ್ಲಿ ಮಹಾಪ್ರಾಣ ಕೇಳಿಸುವುದೇ ಇಲ್ಲ. ಕಿವಿಗೆ ಬಿದ್ದ ಮೇಲೆಯೇ ಅದು ಕೈಗೆ ಬರುವುದು.

ಪಠ್ಯಪುಸ್ತಕ ಕೇರಳದ ಎಸ್‌ಸಿಇಆರ್‌ಟಿಯದು (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು). 2024ರಲ್ಲಿ 1, 3, 5, 7, 9ನೇ ತರಗತಿಗೆ, 2025ರಲ್ಲಿ 2, 4, 6, 8, 10ಕ್ಕೆ ಹೊಸ ಪುಸ್ತಕ ಬಂದಿದೆ. ಕರ್ನಾಟಕದ ಹಳೆಯ ನೋಟ್ಸು ಉಪಯೋಗಕ್ಕೆ ಬಾರದು. ವಿಜ್ಞಾನ, ಸಮಾಜದ ಕನ್ನಡ ಪಠ್ಯದಲ್ಲಿ ಅನುವಾದ ಅಲ್ಲಲ್ಲಿ ಗಂಟಾಗಿರುತ್ತದೆ, ಅದೇ ಪಾಠದ ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿಟ್ಟು ತಯಾರಿ ಮಾಡಿ. ಎಸ್ಸೆಸ್ಸೆಲ್ಸಿಯಲ್ಲಿ ಹತ್ತು ಪತ್ರಿಕೆ. ಕೆಲವು 80 ಅಂಕದವು, ಅವಕ್ಕೆ ನಿರಂತರ ಮೌಲ್ಯಮಾಪನದ 20, ಉಳಿದವು 40, ಅವಕ್ಕೆ 10. ಫಲಿತಾಂಶ ಎ ಪ್ಲಸ್‌ನಿಂದ ಇ ವರೆಗಿನ ಗ್ರೇಡಿನಲ್ಲಿ.

ದಸರಾ ರಜೆ ಇಲ್ಲ ಎಂಬುದಕ್ಕೆ ಮನಸ್ಸು ಹೊಂದಿಸಿಕೊಳ್ಳಿ. ನವರಾತ್ರಿಯ ಕೊನೆಯ ಒಂದೆರಡು ದಿನ ಮಾತ್ರ. ಓಣಂಗೂ ಕ್ರಿಸ್‌ಮಸ್‌ಗೂ ಹತ್ತತ್ತು ದಿನ, ಎರಡಕ್ಕೂ ಮೊದಲು ಪರೀಕ್ಷೆ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ, ಅದಕ್ಕಾಗಿ ಬೆಳಿಗ್ಗೆ ಬೇಗ ಆರಂಭ. ಕೆಲವು ಶಾಲೆಗಳಿಗೆ ಶುಕ್ರವಾರವೇ ರಜೆ, ಶನಿವಾರ ತರಗತಿ. ಮಂಗಳೂರಿನಿಂದ ರೈಲಿನಲ್ಲಿ ಓಡಾಡುವ ಯೋಚನೆಯಿದ್ದರೆ ಶಾಲೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ನಿಲ್ದಾಣಕ್ಕೆ ಹತ್ತಿರವಿರಬೇಕು. ಅಡೂರು, ದೇಲಂಪಾಡಿಯಂಥ ಒಳನಾಡಿಗೆ ಅಲ್ಲೇ ಮನೆ ಮಾಡುವುದೇ ಸರಿ. ಕೆಎ ನಂಬರಿನ ಬೈಕು, ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿರುವುದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಕಾಸರಗೋಡಿನ ಕೆಎಲ್ 14 ನಂಬರಿಗೆ ಬದಲಿಸಬೇಕು. ಸಾಲ ತೀರದ ಗಾಡಿಗೆ ಬ್ಯಾಂಕಿನ ಒಪ್ಪಿಗೆಯೂ ಬೇಕು, ಅದಕ್ಕೆ ಮೊದಲೇ ಅರ್ಜಿ ಕೊಡಿ.

ಕೊನೆಗೆ ಆರನೇ ದಿನದ ಮಾತು. ಜೂನ್‌ನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಎಲ್.ಪಿ.ಯಲ್ಲಿ 30 ಮಕ್ಕಳಿಗೆ, ಯು.ಪಿ.ಯಲ್ಲಿ 35 ಮಕ್ಕಳಿಗೆ ಒಬ್ಬ ಅಧ್ಯಾಪಕ ಎಂಬ ಲೆಕ್ಕ, ಆ ವರ್ಷದ ಹುದ್ದೆ ನಿಲ್ಲುವುದು ಅದರ ಮೇಲೆ. ಕನ್ನಡ ಡಿವಿಷನಿನಲ್ಲಿ ಎರಡು ಮೂರು ಮಕ್ಕಳ ವ್ಯತ್ಯಾಸವೂ ದೊಡ್ಡದು. ಆದ್ದರಿಂದ ಏಪ್ರಿಲ್, ಮೇ ತಿಂಗಳು ಊರಿಗೆ ಹೋಗಿ ಕೂರಬೇಡಿ, ಉಳಿದ ಅಧ್ಯಾಪಕರ ಜತೆ ಮನೆಮನೆಗೆ ಹೋಗಿ. ಹೊಸ ಮಾಷ್ಟ್ರು ಯಾರು, ಎಷ್ಟು ವರ್ಷ ಇರುತ್ತಾರೆ ಎಂದು ತಾಯಂದಿರು ಕೇಳುತ್ತಾರೆ. ನಿಜವಾದ ಉತ್ತರ ಕೊಡಿ. ಅಂಗನವಾಡಿಯ ಪಟ್ಟಿ ಹಿಡಿದು ಹೋದರೆ ಮನೆ ತಪ್ಪುವುದಿಲ್ಲ. ಹೋದಲ್ಲೆಲ್ಲ ಮಗುವಿನ ಆಧಾರ್ ಆಗಿದೆಯೇ ಎಂದು ನೋಡಿ, ಆಗಿರದಿದ್ದರೆ ಮೇ ತಿಂಗಳಲ್ಲೇ ಅಕ್ಷಯ ಕೇಂದ್ರಕ್ಕೆ ಕಳಿಸಿ. ಬೆಂಚಿನಲ್ಲಿ ಕೂತಿದ್ದರೂ ಆಧಾರ್ ಸಂಖ್ಯೆ ಇಲ್ಲದ ಮಗು ಆರನೇ ದಿನದ ಲೆಕ್ಕದಿಂದ ಬಿಟ್ಟುಹೋಗಬಹುದು.