ಪೈವಳಿಕೆ ಪದವಿನ ಸೋಲಾರು, ಬಾಯಾರಿನ ಸುರಂಗ

ವಿಟ್ಲದಲ್ಲೇ ಪೆಟ್ರೋಲ್ ಫುಲ್ ಮಾಡಿಸಿಕೊಂಡೆ, ಗಡಿ ದಾಟಿದ್ರೆ ರೇಟು ಜಾಸ್ತಿ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕನ್ಯಾನ ಕಳೆದು ಸ್ವಲ್ಪದರಲ್ಲೇ ಕೇರಳ. ಅಂಗಡಿಯಲ್ಲಿ ಅದೇ ತುಳು, ಅದೇ ಕನ್ನಡ, ಬೋರ್ಡಲ್ಲಿ ಮಾತ್ರ ಮಲಯಾಳವೂ ಸೇರಿಕೊಳ್ತದೆ. ಬಾಯಾರಿನ ಅಕ್ಕನ ಮನೆ ಮಾಡಿನ ಮೇಲೆ ಸೋಲಾರ್ ಕೂರಿಸಿದ್ದಾರೆ, ನೋಡ್ಲಿಕ್ಕೆ ಬಾ ಅಂತ ಭಾವ ಮೂರು ಸಲ ಫೋನ್ ಮಾಡಿದ್ರು.

ಹೋದ್ರೆ, "ಮೊದಲು ದೊಡ್ಡದನ್ನು ನೋಡಿ ಬರುವ" ಅಂತ ಅವರೇ ಬೈಕ್ ಹತ್ತಿದ್ರು.

ಪದವು ಅಂದ್ರೆ ಗೊತ್ತಲ್ಲ, ಮುರಕಲ್ಲಿನ ಬೋಳು ಗುಡ್ಡೆ, ಏಪ್ರಿಲ್ ಬಿಸಿಲಿಗೆ ಕಾದ ಕಾವಲಿಯ ಹಾಗೆ. ಅದರ ಮೇಲೆ ಬೇಲಿ, ಬೇಲಿಯೊಳಗೆ ಕಣ್ಣು ಹೋದಷ್ಟು ದೂರ ನೀಲಿ ಪ್ಯಾನೆಲ್. ಪೈವಳಿಕೆ, ಮೀಂಜ, ಚಿಪ್ಪಾರು ಮೂರೂ ಗ್ರಾಮ ಸೇರಿ 250 ಎಕ್ರೆ, 50 ಮೆಗಾವ್ಯಾಟ್, ಖರ್ಚು ಸುಮಾರು 280 ಕೋಟಿ, 2021ರ ಫೆಬ್ರವರಿಯಲ್ಲಿ ಪ್ರಧಾನಿ ದಿಲ್ಲಿಯಿಂದಲೇ ಉದ್ಘಾಟನೆ ಮಾಡಿದ್ದು. ಕಟ್ಟಿದ್ದು ಟಿಎಚ್‌ಡಿಸಿ, ಅಂದ್ರೆ ಉತ್ತರಾಖಂಡದಲ್ಲಿ ತೆಹ್ರಿ ಡ್ಯಾಮ್ ಕಟ್ಟಿದವರು! ಗಂಗೆಯ ಬುಡದಿಂದ ಬಂದು ನೀರೇ ಇಲ್ಲದ ಪದವಲ್ಲಿ ಕರೆಂಟ್ ಮಾಡಿದ್ದಾರೆ ನೋಡಿ. ಪ್ಯಾನೆಲ್ ಸುಮಾರು 1.65 ಲಕ್ಷ, ಒಂದೊಂದು 335 ವ್ಯಾಟ್. ನಾನು ಅಲ್ಲೇ ಮೊಬೈಲಲ್ಲಿ ಗುಣಿಸಿದೆ, 55 ಮೆಗಾವ್ಯಾಟ್ ಬಂತು, ಬಾಕಿ ಐದು ಎಲ್ಲಿಗೆ ಹೋಯ್ತು ಭಾವ ಅಂತ ಕೇಳಿದ್ರೆ, ಪ್ಯಾನೆಲ್ ಬಿಸಿ ಆದ್ರೆ ಬರೆದಷ್ಟು ಕೊಡುದಿಲ್ಲ, ಧೂಳು ಕೂತ್ರೂ ಕೊಡುದಿಲ್ಲ, ಅದಕ್ಕೆ ಮೊದಲೇ ಜಾಸ್ತಿ ಹಾಕ್ತಾರೆ ಅಂದ್ರು. ಒಳಗೆ ಬಿಡ್ಲಿಲ್ಲ. ಬೇಲಿಯ ಈಚೆ ಮುಳಿಹುಲ್ಲು ಒಣಗಿ ನಿಂತಿತ್ತು. "ನಾವು ಸಣ್ಣದಿರುವಾಗ ಮಾಡಿಗೆ ಹೊದೆಸ್ಲಿಕ್ಕೆ ಇಲ್ಲಿಂದಲೇ ಮುಳಿ ಕೊಯ್ಯುದು" ಅಂದ್ರು ಭಾವ, ಮತ್ತೆ ತುಂಬಾ ಹೊತ್ತು ಮಾತಾಡ್ಲಿಲ್ಲ.

ಮನೆಯದ್ದು 3 ಕಿಲೋವ್ಯಾಟ್. ಕೇಂದ್ರ ಸರಕಾರದ ಸೂರ್ಯಘರ್ ಸ್ಕೀಮಲ್ಲಿ 78,000 ರೂಪಾಯಿ ಸಬ್ಸಿಡಿ, ಒಳ್ಳೆ ಬಿಸಿಲಿದ್ರೆ ದಿನಕ್ಕೆ ಹನ್ನೆರಡು ಯೂನಿಟ್, ಉಳಿದದ್ದು ಲೈನಿಗೆ ಹೋಗ್ತದೆ. ಅದನ್ನು ಮೊಬೈಲಲ್ಲಿ ತೋರಿಸ್ತಾ ಇರುವಾಗಲೇ ಫ್ಯಾನ್ ನಿಂತಿತು.

ಹೊರಗೆ ಕಣ್ಣು ಬಿಡ್ಲಿಕ್ಕಾಗದ ಬಿಸಿಲು, ಮಾಡಿನ ಮೇಲೆ ಆರು ಪ್ಯಾನೆಲ್, ಕೆಳಗೆ ಕರೆಂಟಿಲ್ಲ!

ನನಗೆ ನಗು ಬಂತು, ಭಾವನಿಗೆ ಸಿಟ್ಟು ಬಂತು. ಬ್ಯಾಟರಿ ಇಲ್ಲದ ಸೋಲಾರ್ ಅಂದ್ರೆ ಹಾಗೇ ಅಂತೆ, ಲೈನಲ್ಲಿ ಕರೆಂಟ್ ಹೋದ ಕೂಡ್ಲೆ ಇನ್ವರ್ಟರ್ ತನ್ನಷ್ಟಕ್ಕೆ ಆಫ್ ಆಗ್ತದೆ, ಇಲ್ಲದಿದ್ರೆ ಕಂಬ ಹತ್ತಿದ ಲೈನ್‌ಮ್ಯಾನಿಗೆ ನಮ್ಮ ಮಾಡಿನ ಕರೆಂಟೇ ಹೊಡೀತದೆ. ನ್ಯಾಯವೇ. ಆದ್ರೆ ಕೂರಿಸಿದವರು ಇದನ್ನು ಹಣ ತಗೊಳ್ಳುವ ಮೊದಲು ಹೇಳ್ಬೇಕಿತ್ತಲ್ಲ, ಭಾವನಿಗೆ ಮೊದಲ ಪವರ್‌ಕಟ್ಟಿನ ದಿನ ಗೊತ್ತಾದದ್ದು.

ಸೆಕೆ ತಡೀಲಿಕ್ಕಾಗದೆ ತೋಟದ ಮೇಲಿನ ಸುರಂಗಕ್ಕೆ ಹೋದೆವು. ಭಾವನ ಅಜ್ಜ ನೀರಿಗೆ ಅಂತ ತೋಡಿಸಿದ್ದು, ಅರುವತ್ತು ಕೋಲು ಉದ್ದ (ಒಂದು ಕೋಲು ಅಂದ್ರೆ ಸುಮಾರು ಎರಡೂವರೆ ಅಡಿ), ಗುಡ್ಡೆಯ ಹೊಟ್ಟೆಗೆ ಅಡ್ಡ ಹೋದದ್ದು, ಒಬ್ಬ ಸ್ವಲ್ಪ ಬಗ್ಗಿ ನಡೀಬಹುದು. ಆಗ ಪಿಕ್ಕಾಸಲ್ಲೇ ಕೊರೆದದ್ದಂತೆ, ಪಕ್ಕದಲ್ಲಿ ಕ್ಯಾಂಡಲ್ ಹೊತ್ತಿಸಿಟ್ಟು, ಅದು ನಂದಿದ್ರೆ ಗಾಳಿ ಸಾಲದು ಅಂತ ಹೊರಗೆ ಬರುದು. ಒಳಗೆ ಪಾದ ಮುಳುಗುವಷ್ಟು ತಣ್ಣಗಿನ ನೀರು, ಗೋಡೆಯಿಂದ ಬೆವರಿದ ಹಾಗೆ ಇಳೀತಾ ಇತ್ತು. ಸುರಂಗದ ಬಾಯಿಯಿಂದ ಪೈಪು ಸೀದಾ ಅಡಿಗೆಮನೆಯ ಟ್ಯಾಂಕಿಗೆ, ಪಂಪೂ ಇಲ್ಲ ಸ್ವಿಚ್ಚೂ ಇಲ್ಲ. ಮೊದಲು ಪೈಪಿನ ಬದಲು ಅಡಿಕೆ ಮರದ ದಂಬೆ ಇತ್ತಂತೆ.

ಊಟಕ್ಕೆ ಕೂತಾಗಲೂ ಕರೆಂಟ್ ಬಂದಿರ್ಲಿಲ್ಲ. ಅಕ್ಕ ಹಾಳೆ ಬೀಸಣಿಗೆ ತಂದು ನನ್ನ ಕೈಗೆ ಕೊಟ್ಟು, "ಇದು ಬ್ಯಾಟರಿ ಇಲ್ಲದ್ರೂ ತಿರುಗ್ತದೆ" ಅಂದಳು. ಭಾವ ತಲೆ ಎತ್ತದೆ ಸಾರು ಕಲಸ್ತಾ ಇದ್ರು.