ರೇವಾ ಕಾರಿನ ವಯರಿಂಗ್ ನಕ್ಷೆ: ನಾಲ್ಕನೆಯ ತಿಂಗಳ ವರದಿ

ಈ ತಿಂಗಳ ಕೊನೆಗೆ ಒಂಬತ್ತು ಹಾಳೆಗಳ ಪೈಕಿ ಆರು ಪೂರ್ಣಗೊಂಡಿವೆ. ಉಳಿದ ಮೂರರಲ್ಲಿ ಚಾರ್ಜರಿನ ಹಾಳೆ ಅರ್ಧಕ್ಕೆ ಬಂದಿದೆ. ಬ್ಯಾಟರಿಯನ್ನು ಮೋಟಾರಿನ ಕಡೆಗೆ ಕೂಡಿಸಿ ಬಿಡಿಸುವ ದೊಡ್ಡ ಸ್ವಿಚ್ಚಾದ ಮುಖ್ಯ ಕಾಂಟ್ಯಾಕ್ಟರಿನ ಹಾಳೆ ಪೆನ್ಸಿಲಿನ ಕರಡಿನಲ್ಲಿದೆ. ಮೀಟರ್ ಫಲಕದ ಹಾಳೆಗೆ ಇನ್ನೂ ಕೈ ಹಚ್ಚಿಲ್ಲ.

ಹೊಸದಾಗಿ ಓದುವವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯಲ್ಲಿ, ಅಡಿಕೆ ಸುಲಿಯುವ ಮಾಡಿನಡಿ ನಿಂತಿರುವುದು 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಎಂಬ ಎರಡು ಬಾಗಿಲಿನ ವಿದ್ಯುತ್ ಕಾರಿನ ಆರಂಭದ ಮಾದರಿ. ಮುಂದಿನ ಸೀಟುಗಳ ಅಡಿಯಲ್ಲಿ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಸಾಲಾಗಿ ಜೋಡಣೆಗೊಂಡು 48 ವೋಲ್ಟ್ ಕೊಡುತ್ತವೆ. ಹೊರಮೈ ಪ್ಲಾಸ್ಟಿಕ್, ಒಳಗಿನ ಚೌಕಟ್ಟು ಉಕ್ಕು. ಕಾರಿನ ಜೊತೆಗೆ ನಕ್ಷೆ ಬಂದಿರಲಿಲ್ಲ. ಬಂದದ್ದು ಇಲಿ ಕಡಿದ ವಯರಿನ ಕಟ್ಟು, ಹಿಂದೆ ಯಾರೋ ಅವಸರದಲ್ಲಿ ಟೇಪು ಸುತ್ತಿದ ಹನ್ನೊಂದು ಜೋಡಣೆಗಳು, ಎಲ್ಲಿಗೂ ಹೋಗದೆ ನಡುವೆಯೇ ಕತ್ತರಿಸಿ ಬಿಟ್ಟ ನಾಲ್ಕು ವಯರುಗಳು. ಕಾರನ್ನು ಓಡಿಸುವುದಕ್ಕಿಂತ ಮೊದಲು ಅದನ್ನು ಓದಲು ಬರುವಂತೆ ಮಾಡಬೇಕು ಎಂದು ನಿಶ್ಚಯಿಸಿದ್ದು ಆಗಲೇ.

ಮೊದಲ ಎರಡು ತಿಂಗಳ ಶ್ರಮದಲ್ಲಿ ಬಹುಪಾಲನ್ನು ಈ ತಿಂಗಳು ಬದಿಗಿಟ್ಟಿದ್ದೇನೆ. ಆಗ ನಾನು ಬರೆಯುತ್ತಿದ್ದದ್ದು ಯಾವ ವಯರು ಎಲ್ಲಿ ಮಲಗಿದೆ, ಯಾವ ತೂತಿನಿಂದ ಹೊರಬರುತ್ತದೆ ಎಂಬುದನ್ನು. ಕಾರಿನ ಆಕಾರದ ಒಳಗೆ ಬಣ್ಣದ ಗೆರೆಗಳು ತುಂಬಿಕೊಂಡ ಆ ದೊಡ್ಡ ಹಾಳೆ ನೋಡಲು ಚೆನ್ನಾಗಿತ್ತು, ಆದರೆ ಹಾರ್ನ್ ಏಕೆ ಕೂಗುವುದಿಲ್ಲ ಎಂಬ ಸರಳ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗಲಿಲ್ಲ. ಈಗ ಒಂದು ಕೆಲಸಕ್ಕೆ ಒಂದು ಹಾಳೆ: ಮೇಲ್ಗಡೆ ವಿದ್ಯುತ್ತಿನ ಮೂಲ, ಕೆಳಗಡೆ ಚೌಕಟ್ಟಿನ ನೆಲೆ (ವಿದ್ಯುತ್ತು ಮರಳುವ ದಾರಿ), ನಡುವೆ ಫ್ಯೂಸ್, ಸ್ವಿಚ್, ರಿಲೇ (ಸುರುಳಿಯ ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಾಕಿ ತೆಗೆಯುವ ಸ್ವಿಚ್), ದೀಪ ಎಂಬ ಕ್ರಮದಲ್ಲಿ ಗೆರೆ ಇಳಿಯುತ್ತದೆ. ವಯರು ಹಾದುಹೋಗುವ ಜಾಗವನ್ನು ಬೇರೊಂದು ಪಟ್ಟಿಯಲ್ಲಿ ಕೊಟ್ಟಿದ್ದೇನೆ. ಗ್ರಾಫ್ ಹಾಳೆಯ ಕರಡನ್ನು ಕ್ಯೂ-ಎಲೆಕ್ಟ್ರೋಟೆಕ್ ಎಂಬ ಉಚಿತ ತಂತ್ರಾಂಶಕ್ಕೆ ಏರಿಸುತ್ತಿದ್ದೇನೆ. ರಿಲೇಯ ಸುರುಳಿ ಒಂದು ಹಾಳೆಯಲ್ಲಿ, ಅದರ ಸಂಪರ್ಕ ಇನ್ನೊಂದು ಹಾಳೆಯಲ್ಲಿ ಇದ್ದಾಗ ಎರಡನ್ನೂ ಪರಸ್ಪರ ಸೂಚಿಸುವ ಅನುಕೂಲ ಅದರಲ್ಲಿದೆ.

ಹಿಂದಿನ ದೀಪಗಳ ಹಾಳೆಗೆ ಮೂರು ದಿನ ಹಿಡಿಯಿತು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಮಲ್ಟಿಮೀಟರನ್ನು, ಎರಡು ತುದಿಗಳ ನಡುವೆ ಸಂಪರ್ಕವಿದ್ದರೆ ಕೂಗುವ ಬೀಪ್ ಸ್ಥಾನದಲ್ಲಿಟ್ಟು, ನಾನು ಫ್ಯೂಸ್ ಪೆಟ್ಟಿಗೆಯ ಬಳಿಯೂ ಅಣ್ಣನ ಮಗಳು ಉದ್ದದ ವಯರು ಕಟ್ಟಿದ ಕಡ್ಡಿಯನ್ನು ಹಿಡಿದು ಕಾರಿನ ಹಿಂದೆಯೂ ಕುಳಿತಿದ್ದೆವು. ಬ್ರೇಕ್ ದೀಪದ ವಯರಿಗೆ ಬೀಪ್ ಬಂತು, ಬರೆದುಕೊಂಡೆ. ಅಷ್ಟರಲ್ಲಿ ಅವಳು ಕಡ್ಡಿಯನ್ನು ಪಕ್ಕದ ವಯರಿಗೆ ಸರಿಸಿ, “ಚಿಕ್ಕಪ್ಪ, ಇಲ್ಲಿಯೂ ಬೀಪ್ ಬರ್ತದಲ್ಲ!” ಎಂದಳು. ಚೌಕಟ್ಟಿಗೆ ಮುಟ್ಟಿಸಿದರೂ ಬೀಪ್ ಬಂತು. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ ಎಂದು ತಿಳಿದು, ಚೆನ್ನಾಗಿದ್ದ ವಯರಿನ ಕಟ್ಟನ್ನೇ ಎರಡಡಿ ಉದ್ದಕ್ಕೆ ಬಿಚ್ಚಿದೆ. ತಪ್ಪು ವಯರಿನದ್ದಲ್ಲ. ಆ ಬಲ್ಬಿನಲ್ಲಿ 21 ವ್ಯಾಟ್ ಮತ್ತು 5 ವ್ಯಾಟಿನ ಎರಡು ತಂತುಗಳಿದ್ದು, ಎರಡರ ಒಂದು ತುದಿ ಚೌಕಟ್ಟಿಗೆ ಕೂಡಿಕೊಂಡಿರುತ್ತದೆ. 12 ವೋಲ್ಟಿನಲ್ಲಿ ಉರಿಯುವಾಗ 21 ವ್ಯಾಟಿನ ತಂತುವಿನ ರೋಧ ಸುಮಾರು 7 ಓಮ್. ತಣ್ಣಗಿರುವಾಗ ಅದು ಒಂದು ಓಮಿಗಿಂತಲೂ ಕಡಿಮೆ. ಬೀಪ್ ಕೊಡುವ ಮೀಟರಿಗೆ ಅಷ್ಟು ಸಣ್ಣ ರೋಧ ವಯರಿನಂತೆಯೇ ಕೇಳಿಸುತ್ತದೆ. ಬಲ್ಬುಗಳನ್ನು ಕಳಚಿದ ಮೇಲೆ ಒಂದೇ ಬೀಪ್ ಉಳಿಯಿತು. ಅಂದಿನಿಂದ ದೀಪ, ಫ್ಯೂಸ್, ರಿಲೇ ಇವೆಲ್ಲವನ್ನೂ ತೆಗೆದು ಡಬ್ಬಿಗೆ ಹಾಕಿದ ನಂತರವೇ ಮೀಟರನ್ನು ಕೈಗೆತ್ತಿಕೊಳ್ಳುವುದು ನಮ್ಮ ಕ್ರಮವಾಗಿದೆ. ಬೀಪನ್ನು ಮಾತ್ರ ನಂಬದೆ ಓಮಿನ ಅಂಕಿಯನ್ನೂ ಪಟ್ಟಿಯಲ್ಲಿ ಬರೆಯುತ್ತಿದ್ದೇವೆ.

ಗುರುತಿನ ಚೀಟಿಗಳ ಬಗ್ಗೆ ಒಂದು ಮಾತು. ಬಟ್ಟೆಯ ಟೇಪಿನ ಮೇಲೆ ಶಾಯಿಯಲ್ಲಿ ಬರೆದ ಅಂಕಿಗಳು ನಮ್ಮ ಕಡೆಯ ಜುಲೈ ಮಳೆಯ ತೇವಕ್ಕೆ ಎರಡೇ ವಾರಗಳಲ್ಲಿ ಹರಡಿಹೋದವು. ಈಗ ವಿದ್ಯುತ್ ಫಲಕಗಳಿಗೆ ಬಳಸುವ, ಅಂಕಿ ಅಚ್ಚಾದ ಸಣ್ಣ ಪ್ಲಾಸ್ಟಿಕ್ ಉಂಗುರಗಳನ್ನು ಪೋಣಿಸುತ್ತಿದ್ದೇನೆ. ಮೂರನೆಯ ಹಾಳೆಯ ಏಳನೆಯ ವಯರಿಗೆ ಎರಡೂ ತುದಿಗಳಲ್ಲಿ 307. ಬಣ್ಣವನ್ನು ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ, ಏಕೆಂದರೆ ಈ ಕಾರಿನಲ್ಲಿ ಕೆಂಪೂ ಕಂದೂ ಒಂದೇ ಆಗಿವೆ. ಅಂಕಿಗೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ವಯರಿಂಗ್ ಕೆಲಸಕ್ಕೆ ಬರುವವರಲ್ಲಿ ಒಬ್ಬರು ಮಲಯಾಳ ಓದುತ್ತಾರೆ, ಒಬ್ಬರು ಕನ್ನಡ ಓದುತ್ತಾರೆ, ಮಾತೆಲ್ಲ ತುಳುವಿನಲ್ಲಿ ನಡೆಯುತ್ತದೆ. ಹಾಳೆಯ ವಿವರಣೆಯನ್ನು ಕನ್ನಡದಲ್ಲಿ ಬರೆದರೂ ಕೆಲಸ ಮಾಡುವವರ ಕಣ್ಣು ಹುಡುಕುವ ಜಾಗದಲ್ಲಿ ಅಂಕಿಯೇ ಇರಬೇಕು. ರಿಲೇಗಳ ಮೈಮೇಲೆ ಅಚ್ಚಾಗಿರುವ 30, 85, 86, 87 ಎಂಬ ಸಂಖ್ಯೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. 85 ಮತ್ತು 86 ಸುರುಳಿ, 30ರಲ್ಲಿ ಒಳಬಂದದ್ದು 87ರಲ್ಲಿ ಹೊರಹೋಗುತ್ತದೆ ಎಂಬುದು ಈ ಕಸುಬಿನ ಎಲ್ಲರಿಗೂ ಗೊತ್ತು.

ಮೋಟಾರಿನ ಹಾಳೆ ಸಲೀಸಾಗಿ ಮುಗಿಯಿತು. ತಿರುಗುವ ಭಾಗವಾದ ಆರ್ಮೇಚರಿಗೆ ದಪ್ಪನೆಯ ಎರಡು ಕೇಬಲುಗಳು, ಅದರ ಸುತ್ತ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಗೆ ತೆಳ್ಳಗಿನ ಎರಡು. ರಿವರ್ಸ್‌ಗೆ ಬೇರೆ ಕಾಂಟ್ಯಾಕ್ಟರ್ ಇಲ್ಲ. ಫೀಲ್ಡಿನ ಪ್ರವಾಹದ ದಿಕ್ಕನ್ನು, ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಕಂಟ್ರೋಲರೇ ತಿರುಗಿಸುತ್ತದೆ.

ಈ ತಿಂಗಳ ಮುಖ್ಯ ಘಟನೆ 48 ವೋಲ್ಟಿನ ಹಾಳೆಗೆ ಸಂಬಂಧಿಸಿದ್ದು. ದೀಪಗಳ 12 ವೋಲ್ಟ್ ಬರುವುದು, 48 ವೋಲ್ಟನ್ನು 12ಕ್ಕೆ ಇಳಿಸುವ ಡಿಸಿ-ಡಿಸಿ ಕನ್ವರ್ಟರಿನಿಂದ. ಅದರ ಮೈನಸ್ ಉಕ್ಕಿನ ಚೌಕಟ್ಟಿಗೆ ಕೂಡಿದೆ. ಬ್ಯಾಟರಿ ಸಾಲಿನ 48 ವೋಲ್ಟ್ ಮಾತ್ರ ಚೌಕಟ್ಟಿಗೆ ಎಲ್ಲಿಯೂ ತಾಗಬಾರದು. ಹಾಳೆಯಲ್ಲಿ ಈ ಎರಡರ ನಡುವೆ ಒಂದೂ ಗೆರೆ ಇಲ್ಲದಿರುವುದನ್ನು ನೋಡಿ, ಕಾರಿನಲ್ಲಿಯೂ ಹಾಗೆಯೇ ಇದೆಯೇ ಎಂದು ಪರೀಕ್ಷಿಸಿದೆ. ಸಾಲಿನ ಮೈನಸ್ ತುದಿಗೂ ಚೌಕಟ್ಟಿಗೂ ನಡುವೆ ಸೊನ್ನೆ ಇರಬೇಕಾದಲ್ಲಿ ಮೀಟರ್ 12.7 ವೋಲ್ಟ್ ತೋರಿಸಿತು, ಅಂದರೆ ಎಲ್ಲೋ ಚೌಕಟ್ಟಿಗೆ ವಿದ್ಯುತ್ತು ಸೋರುತ್ತಿದೆ. ಒಂದೊಂದು ಬ್ಯಾಟರಿ 6.35 ವೋಲ್ಟ್ ಇತ್ತು. ಹಾಗಾದರೆ ಸೋರಿಕೆ ಮೈನಸ್ ಕಡೆಯಿಂದ ಎರಡನೆಯ ಮತ್ತು ಮೂರನೆಯ ಬ್ಯಾಟರಿ ಸೇರುವಲ್ಲಿಯೇ ಇರಬೇಕು. ಅದೇ ಎರಡು ಬಿಂದುಗಳ ನಡುವೆ 10 ಕಿಲೋಓಮಿನ ರೆಸಿಸ್ಟರ್ ಜೋಡಿಸಿದಾಗ ವೋಲ್ಟೇಜು 5.1ಕ್ಕೆ ಇಳಿಯಿತು, ಇಳಿದ 7.6 ವೋಲ್ಟನ್ನು ಉಳಿದ 5.1ರಿಂದ ಭಾಗಿಸಿ 10ರಿಂದ ಗುಣಿಸಿದರೆ ಸೋರಿಕೆಯ ಹಾದಿಯ ರೋಧ ಸುಮಾರು 15 ಕಿಲೋಓಮ್ ಎಂದು ಸಿಗುತ್ತದೆ. ಸೀಟು ಎತ್ತಿ ಟಾರ್ಚು ಹಿಡಿದೆ. ಆ ಜೋಡಣೆಯ ಬುಡದಿಂದ ಬ್ಯಾಟರಿಯನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಯವರೆಗೆ, ಆಸಿಡಿನಲ್ಲಿ ನೆನೆದ ಧೂಳು ಬೆರಳಗಲದ ತೇವದ ಗೆರೆಯಾಗಿ ಇಳಿದಿತ್ತು. ಪಟ್ಟಿಯ ಬಣ್ಣ ಅಲ್ಲಿ ಎದ್ದು ಬಂದಿತ್ತು. ಅಡಿಗೆ ಸೋಡಾ ಕರಗಿಸಿದ ನೀರಿನಿಂದ, ಮುಚ್ಚಳದ ಒಳಗೆ ಒಂದು ಹನಿಯೂ ಹೋಗದಂತೆ ಒರೆಸಿದಾಗ ನೊರೆ ಎದ್ದಿತು. ಶುದ್ಧ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಒಣಗಿಸಿ, ರೆಸಿಸ್ಟರ್ ಸಹಿತ ಅಳೆದರೆ ಮೀಟರಿನಲ್ಲಿ ಸೊನ್ನೆ. ಈ ಅಳತೆಯ ವಿಧಾನವನ್ನು ಅದೇ ಹಾಳೆಯ ಕೆಳಗಿನ ಮೂಲೆಯಲ್ಲಿ ಬರೆದಿಟ್ಟಿದ್ದೇನೆ.

48 ವೋಲ್ಟನ್ನು ಹಗುರಾಗಿ ಎಣಿಸುವವರಿಗೆ ಒಂದು ವಿನಂತಿ. ಮೈಗೆ ಹೊಡೆಯುವುದಕ್ಕಿಂತ ಅದರ ಶಾರ್ಟ್ ಅಪಾಯಕಾರಿ: ಎರಡು ತುದಿಗಳ ಮೇಲೆ ಬಿದ್ದ ಸ್ಪ್ಯಾನರ್ ಬೆಸುಗೆಯ ಕಡ್ಡಿಯಂತೆ ಉರಿಯುತ್ತದೆ. ಉಂಗುರ, ವಾಚು ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿಯೇ ಸೀಟು ಎತ್ತಬೇಕು.

ಕಾಂಟ್ಯಾಕ್ಟರಿನ ಹಾಳೆ ನಿಂತಿರುವುದಕ್ಕೂ ಸಕಾರಣವಿದೆ. ಅದರ ದಪ್ಪ ತುದಿಗಳೆರಡರ ನಡುವೆ ಒಂದು ರೆಸಿಸ್ಟರ್ ಕೂತಿದೆ. ಕಂಟ್ರೋಲರಿನ ಒಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳನ್ನು ಮೊದಲೇ ನಿಧಾನವಾಗಿ ತುಂಬಿಸಿ, ಸಂಪರ್ಕ ಮುಚ್ಚುವಾಗ ಕಿಡಿ ಹಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಆದರೆ ಅದಕ್ಕೆ ಹೋಗುವ ಸಣ್ಣ ವಯರು ಕತ್ತರಿಸಿ ಬಿಟ್ಟ ನಾಲ್ಕರಲ್ಲಿ ಒಂದು. ಅದು ಕೀಲಿಯ ನಂತರದಿಂದ ಬರುತ್ತಿತ್ತೋ, ನೇರ ಬ್ಯಾಟರಿಯಿಂದಲೋ ಎಂಬುದು ತೀರ್ಮಾನವಾಗುವವರೆಗೆ ಗೆರೆ ಎಳೆಯುವುದಿಲ್ಲ. ಮುಂದಿನ ಭಾನುವಾರ ಸ್ಟಿಯರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಕೀಲಿಯ ಹಿಂದಿನ ಐದು ವಯರುಗಳನ್ನು ಒಂದೊಂದಾಗಿ ಅಳೆಯುವುದಿದೆ.