ಕಾಗದದ ಶಿರಸ್ತ್ರಾಣ ತಲೆಗೆ ಹೊಂದಬೇಕಾದರೆ

ಅಣ್ಣನ ಮಗಳ ಕಾಲೇಜಿನ ಗ್ಯಾದರಿಂಗ್‌ಗೆ ಬಹಮನಿ ಕಾಲದ ಬೀದರ ಕೋಟೆಯ ಮೇಲೊಂದು ರೂಪಕ ನಿಶ್ಚಯವಾಗಿ, ಅದರಲ್ಲಿ ಅವಳಿಗೆ ಕಾವಲು ಸೈನಿಕನ ಪಾತ್ರ ಬಂದಿತು. ಬಾಡಿಗೆಗೆ ಸಿಗುವ ತಗಡಿನ ಟೊಪ್ಪಿಗೆ ತನಗೆ ಬೇಡವೆಂದು ಹಟ ಹಿಡಿದ ಅವಳು, ದಪ್ಪ ಕಾಗದವನ್ನು ಮಡಿಸಿ ಅಂಟಿಸಿ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಮಾಡುವ ವಿಡಿಯೊವೊಂದನ್ನು ನನ್ನ ಮುಂದೆ ಹಿಡಿದು, "ಕಾಕಾ, ನೀವು ಮನಸ್ಸು ಮಾಡಿದ್ರ ಆಗ್ತದ" ಎಂದು ಕೆಲಸವನ್ನು ನನ್ನ ತಲೆಗೆ ಕಟ್ಟಿದಳು. ನಾನು ಈ ಕೆಲಸಕ್ಕೆ ಹೊಸಬ. ಈ ಬರಹವೂ ಹೊಸಬರಿಗಾಗಿಯೇ ಇದೆ. ಸಂದು ತುಂಬುವ ಪುಟ್ಟಿ, ಬಣ್ಣ, ಹೊಳಪುಗಳ ಬಗ್ಗೆ ವಿವರವಾಗಿ ಹೇಳಿಕೊಡುವವರು ಬಹಳ ಜನರಿದ್ದಾರೆ. ನನಗಾದರೋ, ಹೆಲ್ಮೆಟ್ಟಿನ ಹಣೆಬರಹ ಅದಕ್ಕೆ ಬಹಳ ಮುಂಚೆಯೇ, ತಲೆಯ ಅಳತೆಯಲ್ಲಿಯೂ ಮಡಿಕೆಯ ಗೆರೆಯಲ್ಲಿಯೂ ತೀರ್ಮಾನವಾಗಿಬಿಡುತ್ತದೆ ಎನಿಸಿದೆ. ಆದ್ದರಿಂದ ಆ ಎರಡರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಈ ವಿಧಾನಕ್ಕೆ ಪೆಪಾಕುರ ಎಂಬ ಜಪಾನೀ ಹೆಸರಿದೆ. ಕಂಪ್ಯೂಟರಿನಲ್ಲಿ ರಚಿಸಿದ ಮೂರು ಆಯಾಮದ ಆಕಾರವನ್ನು ಬಿಡಿಸಿ, ಚಪ್ಪಟೆ ತುಣುಕುಗಳನ್ನಾಗಿ ಮಾಡಿ, ಹಾಳೆಯ ಮೇಲೆ ಜೋಡಿಸಿಕೊಡುವ ತಂತ್ರಾಂಶವನ್ನು ಜಪಾನಿನ ತಮಾ ಸಾಫ್ಟ್‌ವೇರ್ ಎಂಬ ಸಂಸ್ಥೆ ಹೊರತಂದಿದ್ದು, ಸಿದ್ಧ ಮಾದರಿಗಳನ್ನು ತೆರೆದು ಮುದ್ರಿಸುವುದಷ್ಟೇ ಬೇಕಾದರೆ ಅದರ ಉಚಿತ ವೀಕ್ಷಕ ಆವೃತ್ತಿ ಸಾಕಾಗುತ್ತದೆ. ತುಣುಕಿನ ಪ್ರತಿ ಅಂಚಿನ ಮೇಲೂ ಒಂದು ಸಂಖ್ಯೆಯಿರುತ್ತದೆ. ಅದೇ ಸಂಖ್ಯೆಯ ಇನ್ನೊಂದು ಅಂಚನ್ನು ಹುಡುಕಿ ಎರಡನ್ನೂ ಸೇರಿಸಬೇಕು. ಮಡಿಸುವ ಗೆರೆಗಳಲ್ಲಿ ಎರಡು ಬಗೆ: ಮಡಿಕೆಯ ಬೆನ್ನು ನಮ್ಮ ಕಡೆಗೆ ಉಬ್ಬಿ ಬರುವುದು ಒಂದು, ಒಳಕ್ಕೆ ತಗ್ಗಾಗುವುದು ಇನ್ನೊಂದು.

ದುಂಡನೆಯ ತಲೆಗೆ ಇಷ್ಟೊಂದು ಮೂಲೆಗಳ ಹೆಲ್ಮೆಟ್ ಏಕೆ ಎಂದು ಮನೆಯವರು ಕೇಳಿದರು. ಗೋಳದ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಚಪ್ಪಟೆಯಾಗಿ ಹಾಸಲು ಬರುವುದಿಲ್ಲವೆಂಬುದು 1827ರಲ್ಲಿ ಜರ್ಮನ್ ಗಣಿತಜ್ಞ ಗೌಸ್ ಸಾಧಿಸಿದ ಪ್ರಮೇಯದಿಂದ ಸಿದ್ಧವಾಗಿದೆ. ಹಾಗೆ ಬರುವುದಿಲ್ಲವೆಂದರೆ, ಚಪ್ಪಟೆ ಹಾಳೆಯನ್ನು ಎಷ್ಟು ಒತ್ತಿದರೂ ಅದು ಬುರುಡೆಯ ಆಕಾರಕ್ಕೆ ಬರುವುದಿಲ್ಲವೆಂದೂ ಆಯಿತು. ಅದನ್ನು ಸಣ್ಣ ಮುಖಗಳಾಗಿ ಒಡೆಯಲೇಬೇಕು. ಒಂದು ಮೂಲೆಯ ಸುತ್ತ ಸೇರುವ ಕೋನಗಳ ಮೊತ್ತ 360 ಡಿಗ್ರಿಯಾದರೆ ಅಲ್ಲಿ ಕಾಗದ ಚಪ್ಪಟೆಯಾಗಿಯೇ ಉಳಿಯಬಹುದು. ಅದಕ್ಕಿಂತ ಕಡಿಮೆಯಾದಷ್ಟೂ ಮೂಲೆ ಮೊನಚಾಗುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ 90 ಡಿಗ್ರಿಯ ಮೂರು ಕೋನಗಳು ಸೇರಿ 270 ಆಗುವುದರಿಂದಲೇ ಅದು ಅಷ್ಟು ಚೂಪು. ಹೆಲ್ಮೆಟ್ಟಿನ ನೆತ್ತಿಯಲ್ಲಿ ಪ್ರತಿ ಮೂಲೆಗೂ ಕೊರತೆಯಾಗಬೇಕಾದದ್ದು ಕೆಲವೇ ಡಿಗ್ರಿ. ಕತ್ತರಿಸುವಾಗ ಗೆರೆಯ ಹೊರಗೋ ಒಳಗೋ ಸರಿದ ಕಟರ್ ಈ ಕೆಲವೇ ಡಿಗ್ರಿಗಳ ಲೆಕ್ಕವನ್ನು ಕೆಡಿಸುತ್ತದೆ. ಸುತ್ತಳತೆಯಲ್ಲಿ 24 ತುಣುಕುಗಳಿದ್ದು, ಪ್ರತಿ ಜೋಡಣೆಯಲ್ಲಿ ಅರ್ಧ ಮಿಲಿಮೀಟರ್ ಹೋಯಿತೆಂದರೆ ಒಟ್ಟು 12 ಮಿಲಿಮೀಟರ್ ಹೋದಂತೆ. ಕೊನೆಯ ತುಣುಕು ಮೊದಲನೆಯದನ್ನು ಸಂಧಿಸುವ ಕಡೆ ಆ ಸಾಲವೆಲ್ಲ ಒಟ್ಟಿಗೆ ಎದುರಾಗುತ್ತದೆ.

ಇನ್ನು ಅಳತೆ. ತಲೆಯ ಸುತ್ತಳತೆ ಒಂದನ್ನೇ ತೆಗೆದುಕೊಂಡರೆ ಟೊಪ್ಪಿಗೆಗೆ ಸಾಕು, ಮುಖ ಮುಚ್ಚುವ ಹೆಲ್ಮೆಟ್ಟಿಗೆ ಸಾಲದು. ಹಣೆಯ ಸುತ್ತ 56 ಸೆಂಟಿಮೀಟರ್ ಬಂದಿತು. ಅದರ ಜೊತೆಗೆ ಕಿವಿಯಿಂದ ಕಿವಿಗೆ ಅಗಲ, ಮೂಗಿನ ತುದಿಯಿಂದ ಹಿಂದಲೆಯವರೆಗಿನ ಉದ್ದ, ಗದ್ದದಿಂದ ನೆತ್ತಿಯವರೆಗಿನ ಎತ್ತರ, ಇವು ಮೂರೂ ಬೇಕು. ಉದ್ದ, ಅಗಲಗಳನ್ನು ಟೇಪಿನಿಂದ ಅಳೆಯಲಾಗದು, ಅದು ಬಾಗುತ್ತದೆ. ತಲೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೂಗಿನ ಮುಂದೆ ದಪ್ಪ ಪುಸ್ತಕವೊಂದನ್ನು ನೇರವಾಗಿ ಹಿಡಿದು, ಗೋಡೆಗೂ ಪುಸ್ತಕಕ್ಕೂ ನಡುವಿನ ಅಂತರವನ್ನು ಅಳೆದೆವು. ಜಡೆಯ ಪ್ರಶ್ನೆ ಬಂದದ್ದು ಇಲ್ಲಿ. ಅವಳದು ಉದ್ದ ಕೂದಲು. ತುರುಬು ಕಟ್ಟಿ ಒಳಗೆ ಸೇರಿಸಿದರೆ ಹಿಂದಲೆಯ ಉದ್ದ ಐದಾರು ಸೆಂಟಿಮೀಟರ್ ಹೆಚ್ಚಿ, ಇಡೀ ಹೆಲ್ಮೆಟ್ ನೀರಿನ ಕೊಡದಂತಾಗುತ್ತದೆ. ಆದ್ದರಿಂದ ಜಡೆಯನ್ನು ಕುತ್ತಿಗೆಯ ಬುಡದಿಂದ ಹೆಣೆದು ಅಂಗಿಯೊಳಗೆ ಬಿಡುವುದೆಂದು ಮೊದಲೇ ನಿರ್ಧರಿಸಿ, ಕೂದಲನ್ನು ಹಾಗೆಯೇ ಹೆಣೆಯಿಸಿ ಅಳತೆ ತೆಗೆದುಕೊಂಡೆ. ರಂಗದ ದಿನ ತಲೆ ಹೇಗಿರುತ್ತದೆಯೋ ಅಳತೆಯ ದಿನವೂ ಹಾಗೆಯೇ ಇರಬೇಕು.

ಬಂದ ಅಳತೆಗೆ ಎಲ್ಲ ಕಡೆಯೂ ಸುಮಾರು ಎರಡು ಸೆಂಟಿಮೀಟರ್ ಸೇರಿಸಬೇಕಾಗುತ್ತದೆ. ಒಳಗಿನ ಬಟ್ಟೆಯ ಪದರ, ಸ್ಪಂಜು, ಗಾಳಿ ಆಡುವ ಜಾಗ, ಎಲ್ಲಕ್ಕೂ ಅದೇ. ಕತ್ತಿನ ಬಾಯಿಯನ್ನು ಬೇರೆಯಾಗಿಯೇ ಯೋಚಿಸಬೇಕು. ಗದ್ದದ ಕೆಳಗೆ ಚೆಂದವಾಗಿ ಕಿರಿದಾಗುವ ಹೆಲ್ಮೆಟ್ ಚಿತ್ರದಲ್ಲಿ ಒಪ್ಪುತ್ತದೆ, ಆದರೆ ಮೂಗಿನಿಂದ ಹಿಂದಲೆಯವರೆಗಿನ ಪೂರ್ತಿ ಉದ್ದ ಆ ಬಾಯಿಯಲ್ಲಿ ಹಾಯಬೇಕಲ್ಲ! ಬಾಯಿಯನ್ನು ಅಗಲ ಮಾಡಿ ಆಕಾರ ಕೆಡಿಸುವ ಬದಲು, ಹಿಂದಿನ ಕೆಳಭಾಗವನ್ನು ಬಿಚ್ಚಿ ಹಾಕುವ ಪ್ರತ್ಯೇಕ ತುಂಡಾಗಿ ಉಳಿಸಿಕೊಂಡು, ಆಮೇಲೆ ವೆಲ್ಕ್ರೋ ಪಟ್ಟಿಯಿಂದ ಕೂಡಿಸಿದೆ.

ಕಾಗದಕ್ಕಾಗಿ ಊರಿನ ಝೆರಾಕ್ಸ್ ಅಂಗಡಿಗಳನ್ನು ವಿಚಾರಿಸಿದೆ. ಸಾಮಾನ್ಯ ಝೆರಾಕ್ಸ್ ಹಾಳೆ 70 ಅಥವಾ 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಂಬ ಅಳತೆ) ಇರುತ್ತದೆ, ಅದು ಜೋಲುತ್ತದೆ. 300 ಜಿಎಸ್‌ಎಂ ದಾಟಿದ ಕಾರ್ಡು ಗಟ್ಟಿಯಾದರೂ ಸಣ್ಣ ಮಡಿಕೆಗಳಲ್ಲಿ ಸೀಳುತ್ತದೆ. "200ರ ತನಕ ನಮ್ಮ ಮಷೀನ್ ನುಂಗ್ತದ್ರಿ, ಮ್ಯಾಲಿಂದು ಸಿಕ್ಕೊಂತದ" ಎಂದು ಅಂಗಡಿಯವರು ಹೇಳಿದ್ದು ಕೆಲಸಕ್ಕೂ ಸರಿಹೊಂದಿತು. ಎ4 ಅಳತೆಯ 16 ಹಾಳೆ ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ, ಅಷ್ಟು ಹಾಳೆಗಳ ತೂಕ 200 ಗ್ರಾಂ. ಕತ್ತರಿಸಿ ಎಸೆಯುವುದನ್ನು ಕಳೆದರೆ ತಲೆಯ ಮೇಲೆ ಕೂರುವ ಕಾಗದದ ತೂಕ ಬಹಳ ಕಡಿಮೆ. ಮುದ್ರಿಸುವಾಗ ಒಂದು ಎಚ್ಚರ ಮುಖ್ಯ. ಹಾಳೆಗೆ ಹೊಂದಿಸಿ ಮುದ್ರಿಸುವ ಆಯ್ಕೆ ಅನೇಕ ಕಂಪ್ಯೂಟರುಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ, ಅದು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಶೇಕಡಾ 3ರಷ್ಟು ಕುಗ್ಗಿದರೂ 30 ಸೆಂಟಿಮೀಟರ್ ಎತ್ತರದಲ್ಲಿ 9 ಮಿಲಿಮೀಟರ್ ಹೋಗುತ್ತದೆ, ಅಂದರೆ ಒಂದು ಬದಿಯ ಸ್ಪಂಜಿನ ಜಾಗವೇ ಹೋದಂತೆ. ಆದ್ದರಿಂದ ಮೂಲೆಯಲ್ಲಿ 100 ಮಿಲಿಮೀಟರಿನ ಗೆರೆಯೊಂದನ್ನು ಇಟ್ಟು, ಮೊದಲ ಹಾಳೆ ಹೊರಬಂದ ಕೂಡಲೇ ಅದರ ಮೇಲೆ ಸ್ಕೇಲ್ ಇಟ್ಟು ನೋಡಿ, ಆಮೇಲೆ ಉಳಿದವನ್ನು ಮುದ್ರಿಸಲು ಹೇಳಿದೆ. ಇಂಕ್‌ಜೆಟ್ ಮುದ್ರಣಕ್ಕಿಂತ ಲೇಸರ್ ಮುದ್ರಣ ಮೇಲು. ಅಂಟಿನ ತೇವ ತಗುಲಿದರೂ ಸಂಖ್ಯೆಗಳು ಕದಡುವುದಿಲ್ಲ.

ಕೈ ಪಳಗಬೇಕಾದದ್ದು ಮಡಿಕೆಯಲ್ಲಿ. ಕತ್ತರಿಸುವುದಕ್ಕೆ ಮುಂಚೆಯೇ, ಹಾಳೆ ಇಡಿಯಾಗಿರುವಾಗ, ಎಲ್ಲ ಮಡಿಕೆಯ ಗೆರೆಗಳ ಮೇಲೂ ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆಯಬೇಕು. ಪೆನ್ನಿನ ಗುಂಡು ಕಾಗದವನ್ನು ಕೊಯ್ಯುವುದಿಲ್ಲ. ಅದರ ನಾರುಗಳನ್ನು ತುಳಿದು ತೆಳುವಾದ ಕಾಲುವೆಯೊಂದನ್ನು ಮೂಡಿಸುತ್ತದೆ, ಮಡಿಸಿದಾಗ ಹಾಳೆ ಆ ಕಾಲುವೆಯನ್ನು ತಪ್ಪಿ ಬೇರೆಡೆ ಬಾಗುವುದಿಲ್ಲ. ಒತ್ತಡ ಹದವಾಗಿದ್ದರೆ ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ಸಣ್ಣ ಏಣು ತಾಗುತ್ತದೆ, ಕಣ್ಣಿಗೆ ಬಿರುಕು ಕಾಣಿಸುವುದಿಲ್ಲ. ಕಾಗದಕ್ಕೂ ಮರದಂತೆ ನಾರಿನ ದಿಕ್ಕು ಇರುತ್ತದೆ: ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಬಾಗಿಸಿ ನೋಡಿದರೆ ಒಂದು ಕಡೆ ಅದು ಸುಲಭವಾಗಿ ಬಗ್ಗುತ್ತದೆ, ಇನ್ನೊಂದು ಕಡೆ ತಿರುಗಿ ನಿಲ್ಲುತ್ತದೆ. ನಾರಿಗೆ ಅಡ್ಡವಾಗಿ ಬರುವ ಮಡಿಕೆಗಳಿಗೆ ಪೆನ್ನನ್ನು ಎರಡು ಸಲ ಎಳೆಯಬೇಕು, ಇಲ್ಲವಾದರೆ ಬೆನ್ನು ಒಡೆದು ಬಿಳಿ ನಾರು ಹೊರಗಿಣುಕುತ್ತದೆ. ನೆತ್ತಿಯ ತುಣುಕುಗಳಲ್ಲಿ ಮಡಿಕೆಯ ಕೋನ ಬಹಳ ಸಣ್ಣದಾಗಿರುವುದರಿಂದ ಮಡಿಸದೆಯೇ ಅಂಟಿಸಿಬಿಡೋಣವೆಂದು ಯಾರಿಗಾದರೂ ಆಸೆಯಾಗುತ್ತದೆ. ಹಾಗೆ ಬಿಟ್ಟ ಗೆರೆಗಳು ಆಮೇಲೆ ಉಬ್ಬಿದ ಹೊಟ್ಟೆಗಳಾಗಿ ಕಾಣುತ್ತವೆ, ಅವುಗಳನ್ನು ಪುಟ್ಟಿಯೂ ಮುಚ್ಚಲಾರದು.

ಅಂಟಿಗೆ ಫೆವಿಕಾಲ್ ಸಾಕು. ಆದರೆ ಅದರಲ್ಲಿ ನೀರಿದೆ, ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ. ಉರಿದು ಮುಗಿದ ಊದಿನಕಡ್ಡಿಯ ಕಡ್ಡಿಯಿಂದ ಅಂಟಿಸುವ ಕಿವಿಯ, ಅಂದರೆ ತುಣುಕಿನ ಅಂಚಿನಲ್ಲಿ ಅಂಟಿಗೆಂದೇ ಬಿಟ್ಟಿರುವ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಅರ್ಧ ನಿಮಿಷ ಆರಲು ಬಿಟ್ಟು, ಆಮೇಲೆ ಒತ್ತಿ ಹಿಡಿದರೆ ಬೇಗ ಕಚ್ಚುತ್ತದೆ. ಕೆಲಸ ನೆತ್ತಿಯಿಂದ ಆರಂಭವಾಗಿ ಎಡಬಲಗಳಲ್ಲಿ ಸಮವಾಗಿ ಇಳಿಯಬೇಕು. ಎಡಗಡೆಯನ್ನು ಪೂರ್ತಿ ಮುಗಿಸಿ ಬಲಗಡೆಗೆ ಬಂದರೆ ಇಡೀ ಬುರುಡೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಕಡೆಯ ಜೋಡಣೆ ಕತ್ತಿನ ಬಾಯಿಯ ಹತ್ತಿರವೇ ಬರುವಂತೆ ಯೋಜಿಸಿದರೆ ಒಳಗಿನಿಂದ ಬೆರಳು ತೂರಿಸಿ ಒತ್ತಲು ಅನುಕೂಲ. ಜೋಡಣೆ ಮುಗಿದ ಮೇಲೆ ಕೆನ್ನೆಯಿಂದ ಕೆನ್ನೆಗೆ ರಟ್ಟಿನ ಅಡ್ಡಪಟ್ಟಿಯೊಂದನ್ನು ತಾತ್ಕಾಲಿಕವಾಗಿ ಅಂಟಿಸಿದೆ. ಗಟ್ಟಿ ಮಾಡುವ ಹಂತದಲ್ಲಿ ತೇವಗೊಂಡ ಕಾಗದ ಬಾಯಿ ಬಿಡದಂತೆ ಅದು ತಡೆಯುತ್ತದೆ.

ಗಟ್ಟಿ ಮಾಡುವುದಕ್ಕೆ ಹೆಚ್ಚಿನವರು ಪಾಲಿಯೆಸ್ಟರ್ ರೆಸಿನ್ ಎಂಬ, ಕಲಸಿದ ಮೇಲೆ ಗಟ್ಟಿಯಾಗುವ ದ್ರವವನ್ನೂ ಗಾಜಿನ ನಾರಿನ ಚಾಪೆಯನ್ನೂ ಬಳಸುತ್ತಾರೆ. ಅವರ ವಿಡಿಯೊಗಳಲ್ಲಿ ಕಾಣುವುದು ರೆಸಿನ್‌ಗೆ ಒಂದೇ ಗಟ್ಟಿಕಾರಕ. ನಮ್ಮ ಕಡೆ ಫೈಬರ್ ಸಾಮಾನಿನ ಅಂಗಡಿಯಲ್ಲಿ ರೆಸಿನ್ ಜೊತೆಗೆ ಕೋಬಾಲ್ಟ್ ಎಂಬ ವೇಗವರ್ಧಕವನ್ನೂ, ಎಂಇಕೆಪಿ ಎಂಬ ಗಟ್ಟಿಕಾರಕವನ್ನೂ ಬೇರೆ ಬೇರೆ ಸೀಸೆಗಳಲ್ಲಿ ಕೊಡುವುದುಂಟು. ಆ ಎರಡು ಸೀಸೆಗಳ ದ್ರವ ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಬಾರದು, ಸೇರಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಇನ್ನೊಂದನ್ನು ಹಾಕಬೇಕು. ರೆಸಿನ್‌ನಿಂದ ಏಳುವ ಸ್ಟೈರೀನ್ ಎಂಬ ರಾಸಾಯನಿಕದ ಆವಿಯನ್ನು ಸಾಮಾನ್ಯ ಧೂಳಿನ ಮಾಸ್ಕ್ ತಡೆಯುವುದಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಲಸಿದ ರೆಸಿನ್ ಡಬ್ಬಿಯಲ್ಲಿಯೇ ಬಿಸಿಯೇರಿ ಬೇಗನೆ ಗಡ್ಡೆಕಟ್ಟುತ್ತದೆ. ಮೂರು ಗಂಟೆಯ ರೂಪಕಕ್ಕಾಗಿ, ಮಕ್ಕಳು ಓಡಾಡುವ ಮನೆಯಲ್ಲಿ, ಇದೆಲ್ಲ ಬೇಕೇ? ನನಗೆ ಬೇಡವೆನಿಸಿತು.

ಅದರ ಬದಲು ಹಳೆಯ ಹತ್ತಿಯ ಪಂಚೆಯನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಹರಿದು, ಸ್ವಲ್ಪವೇ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹಿಂಡಿ, ಒಳಗಡೆಯಿಂದ ಮಾತ್ರ ಹಚ್ಚಿದೆ. ಹೊರಮೈಗೆ ಅದಕ್ಕೂ ಮುಂಚೆ, ಮಾಳಿಗೆಯ ಮೇಲೆ ಬಯಲಿನಲ್ಲಿ, ಮರದ ಕೆಲಸಕ್ಕೆ ಬಳಸುವ ಸ್ಯಾಂಡಿಂಗ್ ಸೀಲರನ್ನು ತೆಳುವಾಗಿ ಬಳಿದಿದ್ದೆ. ಅದರಲ್ಲಿ ನೀರಿಲ್ಲದ ಕಾರಣ ಕಾಗದ ಸುಕ್ಕಾಗುವುದಿಲ್ಲ, ಏಣುಗಳು ಹಾಗೆಯೇ ಚೂಪಾಗಿ ಉಳಿಯುತ್ತವೆ. ಮೊದಲ ಪದರದ ಪಟ್ಟಿಗಳು ನೆತ್ತಿಯಿಂದ ಕೆಳಕ್ಕೆ, ಎರಡನೆಯದು ಅದಕ್ಕೆ ಅಡ್ಡವಾಗಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದನ್ನು ಹಚ್ಚಬಾರದು. ಕಾಗದ ಆಕಾರವನ್ನು ಹಿಡಿದಿಡುತ್ತದೆ, ಎಳೆತವನ್ನು ಬಟ್ಟೆಯ ನೂಲು ತಡೆದುಕೊಳ್ಳುತ್ತದೆ. ಗಾಜಿನ ನಾರಿಗೆ ಇರುವ ಕೆಲಸವೂ ಇದೇ. ಒಣಗಿದ ಹೆಲ್ಮೆಟ್ಟನ್ನು ಎರಡು ಕೈಯಿಂದ ಅಮುಕಿದರೆ ಅದು ಸ್ವಲ್ಪ ಬಳುಕಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ವೇಷಕ್ಕೆ ಅಷ್ಟು ಗಟ್ಟಿತನ ಸಾಕು. ರಸ್ತೆಗೆ ಮಾತ್ರ ಸಾಲದು: ಗ್ಯಾದರಿಂಗ್ ಮುಗಿಸಿ ಇದನ್ನೇ ಹಾಕಿಕೊಂಡು ಬೈಕ್ ಹತ್ತುವ ಹುಡುಗರಿರುತ್ತಾರೆ, ಅದಕ್ಕೆ ಬೇಕಾದದ್ದು ಐಎಸ್ 4151 ಮಾನಕದ ಐಎಸ್‌ಐ ಗುರುತಿನ ಹೆಲ್ಮೆಟ್ಟೇ.

ಪುಟ್ಟಿ, ಉಜ್ಜುವಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಡಣೆಯ ಸಂದುಗಳಿಗೆ ಕಾರಿನ ಪೇಂಟಿಂಗ್ ಅಂಗಡಿಯವರು ಬಳಸುವ ಪುಟ್ಟಿಯನ್ನೇ ತೆಳುವಾಗಿ ತುಂಬಿ, 120, 220, 400 ನಂಬರಿನ ಸ್ಯಾಂಡ್ ಪೇಪರುಗಳಿಂದ ಕ್ರಮವಾಗಿ ಒಣಗಿದಂತೆಯೇ ಉಜ್ಜಿದೆ.

ಬಣ್ಣದ ವಿಷಯದಲ್ಲಿ ಬೀದರದವರಿಗೆ ಯೋಚಿಸುವ ಅಗತ್ಯವೇನಿದೆ? ಊರ ನಡುವಿನ ಚೌಬಾರ ಗೋಪುರದ ಆಚೀಚಿನ ಓಣಿಗಳಲ್ಲಿ ಇಂದಿಗೂ ಬಿದರಿ ಕೆಲಸ ನಡೆಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಯಲ್ಲಿ ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿ ಕೂರಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಾಗದಕ್ಕೆ ಅದನ್ನು ಮಾಡಲಾಗದು, ಅನುಕರಿಸಬಹುದು. ಹೊಳಪಿಲ್ಲದ ಕಪ್ಪು ಸ್ಪ್ರೇ ಹೊಡೆದು, ಹಣೆಯ ಪಟ್ಟಿಯ ಮೇಲೆ ಬೆಳ್ಳಿ ಬಣ್ಣದ ಪೆನ್ನಿನಿಂದ ಬಳ್ಳಿಯನ್ನೂ ನಡುನಡುವೆ ಹೂವುಗಳನ್ನೂ ಬಿಡಿಸಿದೆವು. ಹೊಳಪಿಲ್ಲದ ಕಪ್ಪು ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ: ಹೊಳೆಯುವ ಬಣ್ಣ ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸಿ ಮೈಯ ಪ್ರತಿ ಉಬ್ಬುತಗ್ಗನ್ನೂ ಸಾರಿ ಹೇಳುತ್ತದೆ. ಇತಿಹಾಸದ ಮೇಷ್ಟ್ರಿಗೆ ನಮ್ಮ ಹೆಲ್ಮೆಟ್ ಒಪ್ಪಿಗೆಯಾಗಲಿಕ್ಕಿಲ್ಲ. ದಖ್ಖನಿನ ಹಳೆಯ ಶಿರಸ್ತ್ರಾಣಗಳೆಂದರೆ ಬಟ್ಟಲಿನಾಕಾರದ ಬುರುಡೆ, ಮೂಗಿನ ಮುಂದೆ ಒಂದು ಲೋಹದ ಪಟ್ಟಿ, ಕುತ್ತಿಗೆಗೆ ಇಳಿಬಿದ್ದ ಸರಪಳಿಯ ಜಾಲ. ಮುಖ ಮುಚ್ಚುವುದು ಹುಡುಗಿಯ ಕಲ್ಪನೆ.

ಕಣ್ಣಿನ ಸೀಳಿಗೆ ಒಳಗಿನಿಂದ ಕಪ್ಪು ನೆಟ್ ಬಟ್ಟೆ ಹಚ್ಚಿದೆ. ಒಳಗೆ ಕತ್ತಲೆ, ಹೊರಗೆ ರಂಗದ ದೀಪ ಇರುವುದರಿಂದ ಹಾಕಿಕೊಂಡವರಿಗೆ ಹೊರಗೆ ಕಾಣುತ್ತದೆ, ನೋಡುವವರಿಗೆ ಕಣ್ಣು ಕಾಣುವುದಿಲ್ಲ. ಉಸಿರಿಗೆ ಗದ್ದದ ಕೆಳಗೂ, ಬಿಸಿಗಾಳಿ ಹೊರಹೋಗಲು ನೆತ್ತಿಯ ಹಿಂಭಾಗದ ಏಣಿನ ಮರೆಯಲ್ಲೂ ತೂತುಗಳಿವೆ. ಸ್ಪಂಜನ್ನು ಒಳಗೆಲ್ಲ ಮೆತ್ತದೆ, ಹಣೆ, ಹಿಂದಲೆ, ಎರಡು ಕಪೋಲ, ಇಷ್ಟೇ ಜಾಗಗಳಲ್ಲಿ ತುಂಡುತುಂಡಾಗಿ ಇಟ್ಟರೆ ನಡುವೆ ಗಾಳಿ ಆಡುತ್ತದೆ. ಅವುಗಳಿಗೂ ವೆಲ್ಕ್ರೋ ಇದ್ದರೆ ಬೆವರಿದಾಗ ತೆಗೆದು ತೊಳೆಯಬಹುದು. ತಾಲೀಮಿನಲ್ಲಿ ಅವಳು ಅದನ್ನು ಹಾಕಿಕೊಂಡೇ ಮಾತಾಡಿದಾಗ ದನಿ ಒಳಗೇ ಗುಂಯ್‌ಗುಟ್ಟಿತು. ಕಾವಲುಗಾರನಿಗೆ ಇದ್ದ ಎರಡೇ ಮಾತನ್ನು ಮೇಷ್ಟ್ರು ಇನ್ನೊಬ್ಬರಿಗೆ ವರ್ಗಾಯಿಸಿದರು, ಅದಕ್ಕೆ ಅವಳಿಗೇನೂ ಬೇಸರವಾಗಲಿಲ್ಲ.

ಈಗ ಅವಳ ಗೆಳತಿಗೂ ಒಂದು ಬೇಕಂತೆ. ಆ ಹುಡುಗಿಯ ತಲೆಯ ಸುತ್ತಳತೆ 58 ಸೆಂಟಿಮೀಟರ್. ಎಲ್ಲ ಕಡೆಯೂ ಅದೇ ಪ್ರಮಾಣ ಎಂದಿಟ್ಟುಕೊಂಡರೆ ಮಾದರಿಯನ್ನು ಶೇಕಡಾ 103.6ಕ್ಕೆ ಹಿಗ್ಗಿಸಬೇಕು. ಕಾಗದದ ದಪ್ಪ ಮತ್ತು ಸ್ಪಂಜಿನ ದಪ್ಪ ಮಾತ್ರ ಅದರ ಜೊತೆ ಹಿಗ್ಗುವುದಿಲ್ಲವಾದ್ದರಿಂದ ಒಳಗೆ ಜಾಗ ಕೂದಲೆಳೆಯಷ್ಟು ಹೆಚ್ಚೇ ಉಳಿಯುತ್ತದೆ. ಮೊದಲಿನ ಜೋಡಣೆಯಲ್ಲಿ ಹಾಳೆಯ ಅಂಚಿಗೆ ತಾಗಿಕೊಂಡಿದ್ದ ಕೆನ್ನೆಯ ಎರಡು ದೊಡ್ಡ ತುಣುಕುಗಳು ಈಗ ಎ4 ಹಾಳೆಯಿಂದ ಹೊರಗೆ ಹೋಗುತ್ತಿವೆ. ಅವುಗಳನ್ನು ಮಡಿಕೆಯ ಗೆರೆಯೊಂದರ ಉದ್ದಕ್ಕೂ ಬೇರ್ಪಡಿಸಿ, ಹೊಸ ಅಂಟುಕಿವಿ ಸೇರಿಸಿ, ಹಾಳೆಗಳ ಮೇಲೆ ಮತ್ತೆ ಹೊಂದಿಸಬೇಕಾಗಿದೆ. ಗೆಳತಿಯ ಜಡೆ ಗಿಡ್ಡ, ಅಷ್ಟರಮಟ್ಟಿಗೆ ಕೆಲಸ ಹಗುರ.